ಖಾಲಿ ಹೆಬ್ಬೆಟ್ಟುಗಳ ನಡುವೆ ಒಂದು ಸಹಿ

ಆಗ ನನಗೆ ಅರವತ್ತೆರಡು. ಐದಾರು ವರ್ಷದ ಹಿಂದಿನ ಮಾತು. ಕೊರೋನ ಬಂದು ತಿಂಗಳುಗಟ್ಟಲೆ ಮುಚ್ಚಿದ್ದ ನಮ್ಮ ಗೇರುಬೀಜದ ಫ್ಯಾಕ್ಟರಿ ಮತ್ತೆ ತೆರೆದಿತ್ತು. ಸೀತಾಂಗೋಳಿಯಿಂದ ನಡೆದು ಹೋಗುವಷ್ಟು ದೂರ. ತೆರೆದ ವಾರದಲ್ಲೇ ಗೋಡೆಗೆ ಒಂದು ನೋಟೀಸು ಅಂಟಿಸಿದರು. ಅರವತ್ತು ದಾಟಿದವರು ಬರುವ ತಿಂಗಳಿನಿಂದ ಕೆಲಸಕ್ಕೆ ಬರಬೇಕಾಗಿಲ್ಲ, ಅವರ ಆರೋಗ್ಯಕ್ಕೆ ಅದೇ ಒಳ್ಳೆಯದಂತೆ. ಅಷ್ಟು ವರ್ಷ ಬೀಜ ಒಡೆಯುವಾಗ ಯಾರಿಗೂ ನಮ್ಮ ಆರೋಗ್ಯದ ನೆನಪಾಗಿರಲಿಲ್ಲ. ನನ್ನ ಮನೆಯಲ್ಲಿ ಅಳಿಯ ಗಲ್ಫಿನ ಕೆಲಸ ಹೋಗಿ ಬಂದು ಕೂತಿದ್ದ. ಮಗಳ ಹೊಲಿಗೆ ನಿಂತಿತ್ತು. ನನ್ನದೂ ಹೋದರೆ ಒಲೆ ಉರಿಯುವುದು ಹೇಗೆ?

ಫ್ಯಾಕ್ಟರಿಯ ಪಿಕಪ್ ಓಡಿಸುವವನು ಒಬ್ಬನಿದ್ದ. ಹಿಂದೆ ಯೂನಿಯನ್ನಿನಲ್ಲಿದ್ದು, ಜಗಳ ಮಾಡಿ ಬಿಟ್ಟವನು. ತಾನು ಅರಾಜಕತಾವಾದಿ ಎಂದು ಹೇಳಿಕೊಳ್ಳುತ್ತಿದ್ದ. ಹಾಗೆಂದರೆ ಎಂತ ಎಂದು ಕೇಳಿದೆವು. ಯಾರ ತಲೆಯ ಮೇಲೂ ಯಾರೂ ಕೂರಬಾರದು, ಕೆಲಸ ಮಾಡುವವರೇ ಸೇರಿ ತೀರ್ಮಾನ ಮಾಡಬೇಕು ಎಂದ. ನಿನ್ನ ಹೆಂಡತಿ ಇದಕ್ಕೆ ಒಪ್ಪಿದ್ದಾಳಾ ಎಂದು ಹೆಂಗಸರು ನಗಾಡಿದರು. ಆದರೆ ಮಾತು ಹಿಡಿಸಿತು. ಹಿಂದೆಲ್ಲ ಲೀಡರನ್ನು ಆಫೀಸಿಗೆ ಕರೆದು ಚಹಾ ಕುಡಿಸಿದ ಮೇಲೆ ನಮ್ಮ ಗಲಾಟೆ ತಣ್ಣಗಾಗುತ್ತಿತ್ತು. ಈ ಸಲ ಲೀಡರೇ ಬೇಡ ಎಂದಾಯಿತು.

ಊಟದ ಹೊತ್ತಿನಲ್ಲಿ ಶೆಡ್ಡಿನ ಹಿಂದೆ ಕೂತು ಮಾತಾಡಿಕೊಂಡೆವು. ಇರುವ ಕೆಲಸವನ್ನು ಎಲ್ಲರಿಗೂ ಹಂಚಿ. ಮುದುಕಿಯರನ್ನು ಹೊರಗೆ ಹಾಕಿದರೆ ಉಳಿದವರೂ ಬೀಜ ಮುಟ್ಟುವುದಿಲ್ಲ. ಇಷ್ಟನ್ನು ಡ್ರೈವರ್ ಕಾಗದದ ನಡುವೆ ಬರೆದ. ಅದರ ಸುತ್ತ ಬಳೆಯ ಹಾಗೆ ಉರುಟಾಗಿ ಹೆಬ್ಬೆಟ್ಟು ಒತ್ತುವುದು, ಮೊದಲಿನವಳು ಯಾರು ಎಂದು ಗೊತ್ತಾಗಬಾರದು. ಸಹಿ ಬರುವವರೂ ಹೆಬ್ಬೆಟ್ಟನ್ನೇ ಒತ್ತಬೇಕು ಎಂದು ಮಾತಾಗಿತ್ತು. ಯಾಕೆಂದರೆ ಬೀಜದ ಸಿಪ್ಪೆಯ ಎಣ್ಣೆ ನಮ್ಮ ಬೆರಳಿನ ಗೆರೆಗಳನ್ನು ಯಾವಾಗಲೋ ತಿಂದು ಹಾಕಿದೆ. ರೇಷನ್ ಅಂಗಡಿಯ ಮಿಷನ್ನಿಗೂ ನಮ್ಮ ಗುರುತು ಹತ್ತುವುದಿಲ್ಲ. ಕಾಗದದ ಮೇಲೆ ಬೀಳುವುದು ಬರೀ ನೀಲಿ ಬೊಟ್ಟು. ಒಬ್ಬಳದಕ್ಕೂ ಇನ್ನೊಬ್ಬಳದಕ್ಕೂ ವ್ಯತ್ಯಾಸವಿಲ್ಲ.

ನನ್ನ ಸರದಿ ಬಂದಾಗ ನಾನು ಪೆನ್ನು ಕೇಳಿದೆ. ಐವತ್ತು ದಾಟಿದ ಮೇಲೆ ಸಾಕ್ಷರತಾ ಕ್ಲಾಸಿಗೆ ಹೋಗಿ ಕಲಿತ ಸಹಿ ಅದು. ಅದಕ್ಕೆ ಮೊದಲು ಬ್ಯಾಂಕಿನಲ್ಲಿ, ಪಂಚಾಯತಿನಲ್ಲಿ, ಗಂಡ ಸತ್ತಾಗ ವಿಲೇಜ್ ಆಫೀಸಿನಲ್ಲಿ, ಶಾಯಿಯ ಬೆರಳನ್ನು ಸೆರಗಿಗೆ ಒರೆಸುತ್ತ ನಿಂತವಳು ನಾನು. ಅಷ್ಟು ಜನರ ಎದುರು ಮತ್ತೆ ಹೆಬ್ಬೆಟ್ಟು ಒತ್ತಲು ಮನಸ್ಸು ಬರಲಿಲ್ಲ. ಯಾರಾದರೂ ತಡೆಯುವ ಮೊದಲೇ ದೊಡ್ಡ ಅಕ್ಷರದಲ್ಲಿ ಹೆಸರು ಬರೆದುಬಿಟ್ಟೆ. ಅಷ್ಟರಲ್ಲಿ ಊಟದ ಹೊತ್ತು ಮುಗಿದ ಬೆಲ್ ಹೊಡೆಯಿತು. ಬೇರೆ ಕಾಗದಕ್ಕೆ ಸಮಯವಿರಲಿಲ್ಲ, ಅದನ್ನೇ ಆಫೀಸಿಗೆ ಕೊಟ್ಟರು.

ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆಸಿದರು. ನನಗೂ ಚಹಾ ಬಂತು.

"ಅಮ್ಮ, ಇದರಲ್ಲಿ ಓದ್ಲಿಕ್ಕೆ ಆಗುವುದು ನಿಮ್ಮ ಹೆಸರು ಮಾತ್ರ. ಬರೆದದ್ದು ನೀವಲ್ಲ ಅಂತ ನಂಗೆ ಗೊತ್ತುಂಟು. ಯಾರು ಅಂತ ನಾಳೆ ಬೆಳಿಗ್ಗೆ ಹೇಳಿ, ನಿಮ್ಮ ಜಾಗ ನಿಮ್ಗೇ. ಇಲ್ಲದಿದ್ರೆ ಗೇಟಿನ ಒಳಗೆ ಬರುವುದು ಬೇಡ."

ಡ್ರೈವರನ ಹೆಸರು ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮಲ್ಲಿ ಸುಳ್ಳು ಹೇಳಿ ನನಗೆ ಎಂತ ಆಗಬೇಕು? ಬಾಯಿ ಮುಚ್ಚಿಕೊಂಡು ಎದ್ದು ಬಂದೆ.

ಮಧ್ಯಾಹ್ನ ಎಲ್ಲರಿಗೂ ಹೇಳಿದೆ. ಹೆಸರು ಹೇಳಿಬಿಡಲು ಮನಸ್ಸಾದದ್ದನ್ನೂ ಹೇಳಿದೆ. ನನ್ನ ಎದುರು ಕೂತು ಬೀಜ ಒಡೆಯುವ ಬ್ಯಾರಿ ಹೆಂಗಸು ಬುತ್ತಿಯ ಮುಚ್ಚಳ ಹಾಕಿ ನನ್ನನ್ನೇ ನೋಡಿದಳು.

"ನೀನು ಎಂತ ಕಲೆಕ್ಟರಾ, ಸೈನ್ ಹಾಕ್ಲಿಕ್ಕೆ? ಬೆರಳು ಸವೆದು ಒಂದು ಉಪಕಾರ ಆಗಿತ್ತು, ಅದನ್ನೂ ಹಾಳು ಮಾಡಿದ್ಯಲ್ಲ ಮಾರಾಯ್ತಿ."

ಡ್ರೈವರ್ ತನ್ನ ಹೆಸರು ಹೇಳಿಬಿಡಿ ಎಂದ. ಅವನ ಹೆಂಡತಿಗೆ ಆಗ ಏಳು ತಿಂಗಳು. ಹಾಗಾದರೆ ನಾನು ಎಂತ ಮಾಡಬೇಕು, ನೀವೇ ಸೇರಿ ತೀರ್ಮಾನ ಮಾಡಿ ಎಂದೆ.

"ಅದನ್ನು ಹೇಳುವ ಹಕ್ಕು ನಮ್ಗೆ ಯಾರಿಗೂ ಇಲ್ಲ ಅಕ್ಕ," ಎಂದ ಅವನು. "ನಿಮ್ಮ ಬಾಯಿ ನಿಮ್ದು."

ಆ ಹೊತ್ತಿಗೆ ನನಗೆ ಒಬ್ಬ ಲೀಡರ್ ಬೇಕಿತ್ತು. ಹೀಗೆ ಮಾಡು ಎಂದು ಗದರಿಸುವವನು, ತಪ್ಪಿದರೆ ಬೈಯಲು ಸಿಗುವವನು. ನನ್ನನ್ನು ಹೊರಗೆ ಹಾಕಿದರೆ ಕಾಗದದಲ್ಲಿ ಬರೆದ ಹಾಗೆ ನೀವು ಕೆಲಸ ನಿಲ್ಲಿಸುತ್ತೀರಾ ಎಂದು ಕೇಳಿದೆ. ಒಂದಿಬ್ಬರು ಹೂಂ ಎಂದರು. ಪ್ರಾಯದ ಹುಡುಗಿಯರು ನೆಲ ನೋಡಿದರು. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಈಗಷ್ಟೇ ಕೆಲಸ ಸಿಕ್ಕಿದವರು, ಅವರನ್ನು ಬೈದು ಪ್ರಯೋಜನವಿಲ್ಲ. ಬ್ಯಾರಿ ಹೆಂಗಸು ಹೂಂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಸಂಜೆ ಅನ್ನದ ಬಟ್ಟಲನ್ನು ದೂರ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದು ಮಗಳಿಗೆ ಹೇಳಿದೆ. ಅವಳಿಗೆ ನಿಜ ಹೇಳಿದರೆ, ಆ ಡ್ರೈವರ್ ನಿಮಗೆ ಎಂತ ಆಗಬೇಕು ಎಂದು ಕೇಳುತ್ತಿದ್ದಳು. ಅವನ ಮೇಲೆ ನನಗೆ ಅಂಥ ಪ್ರೀತಿಯೂ ಇರಲಿಲ್ಲ. ಸಹಿ ಹಾಕಿದ್ದು ನನ್ನ ಜಂಬಕ್ಕೆ. ಅದರ ಪೆಟ್ಟು ಅವನಿಗೆ ಬೀಳುವುದು ಮಾತ್ರ ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಬೆಲ್ ಹೊಡೆಯುವ ಮೊದಲೇ ಹೋದೆ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ ಎಂದು ಮ್ಯಾನೇಜರರಿಗೆ ತಿಳಿಸಲು ಗೇಟಿನವನಲ್ಲಿ ಹೇಳಿದೆ. ಗೇಟಿನ ಎದುರೇ ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತೆ. ಪೆರ್ಲದ ಕಡೆಯ ಬಸ್ಸು ಬಂದು ನಿಂತಿತು. ಹೆಂಗಸರು ಇಳಿಯತೊಡಗಿದರು. ಯಾರು ಗೇಟಿನ ಒಳಗೆ ಹೋಗುತ್ತಾರೆ, ಯಾರು ನನ್ನ ಕಡೆ ಬರುತ್ತಾರೆ ಎಂದು ತಲೆ ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ. ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಗೋಣಿಯ ಒಂದು ಬದಿಗೆ ಸರಿದು ಕೂತೆ.