ಮೊದಲು ಕೈ ಮುಗಿಯುವವಳು

ಬನಹಟ್ಟಿಯ ಆ ಓಣಿಯಲ್ಲಿ ಜಗಳ ಹತ್ತಿದರೆ ಅದನ್ನು ಮುಗಿಸುವವಳು ತಾರವ್ವ. ನಳದ ಮುಂದೆ ಕೊಡ ಇಡುವ ಸರದಿಯಾಗಲಿ, ಕಸ ಯಾರ ಬಾಗಿಲಿಗೆ ಬಂತೆಂಬ ತಕರಾರಾಗಲಿ, ಎರಡೂ ಕಡೆಯವರು ಗಂಟಲು ಹರಿದುಕೊಂಡು ಸುಸ್ತಾಗುವ ಹೊತ್ತಿಗೆ ಇವಳು ನಡುವೆ ಬಂದು ‘ನಂದ ತಪ್ಪಾತ್ರಿ, ಬಿಡ್ರಿನ್ನ’ ಎಂದು ಕೈ ಮುಗಿಯುತ್ತಿದ್ದಳು. ಆ ಜಗಳದಲ್ಲಿ ಅವಳು ಇದ್ದಿರಲೇಬೇಕೆಂದೇನೂ ಇಲ್ಲ. ಒಮ್ಮೆ ತನ್ನ ಕೊಡ ಒಡೆದವಳ ಎದುರಿಗೇ ನಿಂತು ಹಾಗೆ ಹೇಳಿದ್ದಳಂತೆ. ಯಾರಾದರೊಬ್ಬರು ಕೈ ಮುಗಿದರೆ ಅಲ್ಲಿಗೆ ಮಾತು ಮುಗಿಯಬೇಕು, ಮರುದಿನ ಯಾರೂ ಅದನ್ನು ಎತ್ತಬಾರದು. ಇದು ಆ ಓಣಿಯ ರೀತಿ. ಹಿರಿಯರೆಲ್ಲ ತಾರವ್ವನ ಗುಣವನ್ನು ಬಾಯಿತುಂಬ ಹೊಗಳುತ್ತಿದ್ದರು. ಹೊಗಳುವುದಕ್ಕೇನು, ಕೈ ಮುಗಿಯುವವಳು ಅವಳಲ್ಲವೇ!

ಈ ಗುಣವೇ ಅವಳ ಹಣೆಗೆ ಕಳ್ಳಿ ಎಂಬ ಹೆಸರು ಅಂಟಿಸುವುದರಲ್ಲಿತ್ತು.

ನಾನು ರಸಿಕಾ. ಜಮಖಂಡಿಯವಳು, ವಕೀಲಿ ಮಾಡುತ್ತೇನೆ. ಮನೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳಿಗೆ ಕಾನೂನು ಸೇವಾ ಸಮಿತಿಯವರು ವಕೀಲರನ್ನು ನೇಮಿಸಿಕೊಡುತ್ತಾರೆ. ಹೆಣ್ಣುಮಕ್ಕಳಾದರೆ ಬಡತನವನ್ನು ತೋರಿಸಬೇಕಾಗಿಯೂ ಇಲ್ಲ, ಕೇಳಿದರೆ ಸಾಕು. ಹಾಗೆ ನನಗೆ ಬಂದ ಪ್ರಕರಣ ತಾರವ್ವನದು. ಬನಹಟ್ಟಿ ಕೋರ್ಟಿನ ವರಾಂಡದಲ್ಲಿ ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅವಳ ತೀರಿಹೋದ ಗಂಡನ ಅಣ್ಣ ಹಣಮಪ್ಪ. ಜಾಮೀನಿಗೆ ನಿಂತವನು ಅವನು, ಆದ್ದರಿಂದ ಮಾತಾಡುವ ಹಕ್ಕೂ ತನ್ನದೇ ಎಂದು ತಿಳಿದಿದ್ದ.

‘ನೀವ ಸುಮ್ಮನಿರ್ರಿ ಸ್ವಲ್ಪ,’ ಎಂದು ಅವನಿಗೆ ಹೇಳಿ ಅವಳತ್ತ ತಿರುಗಿದೆ. ‘ನೀವ ಹೇಳ್ರಿ ತಾರವ್ವಾ, ಏನಾತು?’

ಅವಳು ಮೊದಲು ನನ್ನನ್ನೇ ಪರೀಕ್ಷೆ ಮಾಡಿದಳು. ‘ಬಾಯಾರ, ನಿಮ್ಮನ್ನ ಸರಕಾರದವ್ರ ಕೊಟ್ಟಾರಂತ. ನನ್ನ ಮ್ಯಾಲೆ ಕೇಸ್ ಹಾಕಿದವ್ರೂ ಸರಕಾರದವ್ರ. ಹಂಗಾರ ನೀವ ಯಾರ ಕಡೀಂದ ಮಾತಾಡವ್ರು?’

‘ನಿಮ್ಮ ಕಡೀಂದ. ನೀವ ನನ್ನ ಮುಂದ ಹೇಳಿದ್ದು ಆ ಸರಕಾರಿ ವಕೀಲರ ಕಿವಿಗೂ ಬೀಳಂಗಿಲ್ಲ.’

ಅವಳು ಅರೆಮನಸ್ಸಿನಿಂದ ನಂಬಿದಳು. ಆಮೇಲೆ, ‘ನಾ ಏನೂ ಕದ್ದಿಲ್ರಿ,’ ಎಂದಳು. ‘ಆದ್ರ ಹೆಂಗರ ಮಾಡಿ ಮುಗಸಿಬಿಡ್ರಿ.’

ನಡೆದದ್ದು ಇಷ್ಟು. ತಾರವ್ವ ರಾಮಲಿಂಗಪ್ಪನ ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕಿ ಸುತ್ತುವವಳು, ಅಂದರೆ ಮಗ್ಗದ ಲಾಳಿಗೆ ಹಾಕುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಕೆಲಸ. ರಾಮಲಿಂಗಪ್ಪನ ತಂದೆ ಬದುಕಿದ್ದಾಗ ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಿದ್ದರು. ಹೆಂಗಸರು ಶೆಡ್ಡು ಗುಡಿಸಿ, ನೂಲು ಸುತ್ತಿ ಬರುವ ಕೋನುಗಳ ತಳದಲ್ಲಿ ಉಳಿದ ತುಂಡು ನೂಲನ್ನು ಮನೆಗೆ ಒಯ್ಯುತ್ತಿದ್ದರು. ಬಾಯಿಮಾತಿನಲ್ಲಿ ಕೊಟ್ಟದ್ದು, ಬಾಯಿಮಾತಿನಲ್ಲೇ ನಡೆದು ಬಂದದ್ದು. ತಾರವ್ವ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಓಣಿಯ ಬಾಣಂತಿಯರಿಗೆಲ್ಲ ಅವಳೇ ಕೌದಿ ಹೊಲಿದು ಕೊಡುತ್ತಿದ್ದಳು. ಹಾಗಾಗಿ ಉಳಿದ ಹೆಂಗಸರೂ ತಮ್ಮ ಪಾಲಿನ ನೂಲನ್ನು ಅವಳಿಗೇ ಕೊಟ್ಟುಬಿಡುತ್ತಿದ್ದರು. ಅವಳ ಮಂಚದ ಕೆಳಗಿನ ಚೀಲ ದೊಡ್ಡದಾದದ್ದು ಹೀಗೆ.

ಹಿರಿಯ ಸಾವ್ಕಾರ ತೀರಿಕೊಂಡ ಮೇಲೆ ಮಗನ ಕೈಗೆ ಶೆಡ್ಡು ಬಂತು. ಗೋದಾಮಿನಲ್ಲಿ ನೂಲು ಕಡಿಮೆ ಬೀಳತೊಡಗಿತು. ಯಾರೋ ತಾರವ್ವನ ಚೀಲದ ಸುದ್ದಿ ಹೇಳಿದರು. ದೂರು ಹೋಯಿತು, ಚೀಲ ಜಪ್ತಿಯಾಯಿತು, ಕೆಲಸಗಾರಳೇ ಮಾಲೀಕನ ಮಾಲು ಕದ್ದಳೆಂದು ದೋಷಾರೋಪ ಪಟ್ಟಿ ಬಂತು. ನೂಲು ಕೊಟ್ಟ ಹೆಂಗಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಹೌದೆಂದರೆ ತಾವೂ ಕಳ್ಳರಾಗುತ್ತೇವೆಂಬ ಹೆದರಿಕೆ. ಅವರ ಮೇಲೆ ನನಗೆ ಬಹಳ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ತಾರವ್ವನಿಗೆ ಜೈಲಿಗಿಂತ ದೊಡ್ಡ ಭಯ ಬೇರೆ ಇತ್ತು. ಮಗ್ಗದ ಊರಿನಲ್ಲಿ ಕಂಡಿಕಿ ಸುತ್ತುವವರ ಮೇಲೆ ಯಾರೂ ಕಣ್ಣಿಟ್ಟು ಕೂರುವುದಿಲ್ಲ, ನಂಬಿಕೆಯ ಮೇಲೆಯೇ ನೂಲನ್ನು ಅವರ ಕೈಗೆ ಬಿಡುತ್ತಾರೆ. ಕಳ್ಳಿ ಎಂದು ಕೋರ್ಟು ಬರೆದುಬಿಟ್ಟರೆ ರಬಕವಿ ಬನಹಟ್ಟಿಯ ಯಾವ ಶೆಡ್ಡಿನ ಹೊಸ್ತಿಲನ್ನೂ ಅವಳು ದಾಟುವಂತಿರಲಿಲ್ಲ.

ಇಷ್ಟಾದರೂ ಹಣಮಪ್ಪನ ಲೆಕ್ಕವೇ ಬೇರೆ. ‘ಬಾಯಾರ, ತಪ್ಪಾತು ಅಂದ್ರ ಮುಗೀತದ. ರಾಮಲಿಂಗಪ್ಪ ಏನ್ ಹೊರಗಿನಾಂವಲ್ಲ. ನಾ ಮಾತಾಡೇನಿ.’

‘ಇದೇನ್ ನಿಮ್ಮ ಕಟ್ಟಿ ಪಂಚಾಯ್ತಿ ಅಲ್ರಿ,’ ಎಂದೆ. ನನ್ನ ದನಿ ವರಾಂಡದ ಆಚೆ ತುದಿಗೂ ಕೇಳಿರಬೇಕು. ‘ಓಣ್ಯಾಗ ತಪ್ಪಾತಂದ್ರ ಅಲ್ಲಿಗೆ ಮುಗೀತದ. ಇಲ್ಲೆ ಅಂದ್ರ ಅಲ್ಲಿಂದ ಚಾಲೂ ಆಗ್ತದ. ಶಿಕ್ಷಾ ಬರೀತಾರ!’

ತಾರವ್ವ ತಲೆ ಆಡಿಸಿದಳು. ತಿಳಿಯಿತು ಎಂದುಕೊಂಡೆ. ವಕೀಲರು ತಾವು ಹೇಳಿದ್ದೆಲ್ಲ ಎದುರಿನವರಿಗೆ ತಿಳಿಯಿತು ಎಂದುಕೊಳ್ಳುವುದು ಬಹಳ ಬೇಗ.

ಆರೋಪ ಓದಿ ಹೇಳುವ ದಿನ ಬಂತು. ನ್ಯಾಯಾಧೀಶರು ಮೈಸೂರು ಕಡೆಯವರು, ನಿಧಾನದ ಮನುಷ್ಯ. ತಾರವ್ವ ಕಟಕಟೆಯಲ್ಲಿ ನಿಂತಳು. ಅವರು ಆರೋಪವನ್ನು ಓದಿದರು, ಆಮೇಲೆ ಸರಳ ಕನ್ನಡದಲ್ಲಿ ಬಿಡಿಸಿ ಹೇಳಿದರು. ‘ಈ ಆರೋಪವನ್ನು ಒಪ್ಪಿಕೊಳ್ಳುತ್ತೀರಾ ಅಮ್ಮಾ?’

ಅವಳ ಕಣ್ಣು ಬಾಗಿಲತ್ತ ಹೋಯಿತು. ಅಲ್ಲಿ ನಿಂತಿದ್ದ ಹಣಮಪ್ಪ ಎರಡೂ ಕೈ ಜೋಡಿಸಿ ತೋರಿಸುತ್ತಿದ್ದ.

ತಾರವ್ವ ಕೈ ಮುಗಿದಳು. ‘ನಂದ ತಪ್ಪಾತ್ರಿ ಸಾಹೇಬ್ರ. ಹೊಟ್ಯಾಗ ಹಾಕ್ಕೊಂಡ ಬಿಟ್ಟಬಿಡ್ರಿ.’

ನಾನು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ನ್ಯಾಯಾಧೀಶರು ನನಗೆ ಕೈಸನ್ನೆಯಲ್ಲೇ ಸ್ವಲ್ಪ ತಾಳಲು ಹೇಳಿ, ಪೆನ್ನು ಕೆಳಗಿಟ್ಟರು.

‘ಏನು ತಪ್ಪಾಯಿತು, ಅದನ್ನು ಹೇಳಿ. ನೂಲು ಕದ್ದಿರಾ?’

‘ಇಲ್ರಿ! ನಾ ಯಾಕ ಕದೀಲ್ರಿ?’

‘ಮತ್ತೆ ಯಾವ ತಪ್ಪು ಮಾಡಿದಿರಿ?’

ತಾರವ್ವ ಯೋಚಿಸಿದಳು. ಪಾಪ, ನಿಜವಾಗಿಯೂ ಹುಡುಕಿದಳು. ‘ಯಾವುದೂ ಇಲ್ರಿ,’ ಎಂದಳು ಕೊನೆಗೆ. ‘ಯಾರರ ಒಬ್ರು ಕೈ ಮುಗೀಬೇಕಲ್ರಿ, ಜಗಳಾ ಮುಗೀಬೇಕಂದ್ರ.’

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ‘ಇಲ್ಲಿ ಹಾಗಿಲ್ಲಮ್ಮ,’ ಎಂದರು. ‘ಮಾಡದೇ ಇದ್ದದ್ದನ್ನು ನೀವು ಒಪ್ಪಬೇಕಾಗಿಲ್ಲ. ಕದ್ದಿದ್ದೀರಿ ಎಂದು ಹೇಳಿದವರು ಅದನ್ನು ತೋರಿಸಿಕೊಡಬೇಕು. ಅಲ್ಲಿಯವರೆಗೆ ನೀವು ತಪ್ಪಿತಸ್ಥರಲ್ಲ.’ ಆರೋಪಿ ಆರೋಪವನ್ನು ನಿರಾಕರಿಸಿದ್ದಾರೆಂದು ಬರೆಸಿ, ಸಾಕ್ಷಿಗಳ ವಿಚಾರಣೆಗೆ ತಾರೀಖು ಕೊಟ್ಟರು.

ಹೊರಗೆ ಬಂದ ಮೇಲೆ ಹಣಮಪ್ಪನಿಗೆ ನಾನು ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅರ್ಧ ಮರಾಠಿಯಲ್ಲಿತ್ತು ಎಂಬುದೇ ಅವನ ಪುಣ್ಯ. ಅವನು ತಲೆ ತಗ್ಗಿಸಿ ಎಲ್ಲ ಕೇಳಿ, ‘ಆಕೀ ಒಳಗ ಹೋಗಬಾರ್ದಂತ ಮಾಡಿದ್ನಿರಿ,’ ಎಂದ. ಕಣ್ಣಲ್ಲಿ ನೀರಿತ್ತು. ಕೆಟ್ಟವನಲ್ಲ, ಹೆದರಿದವನು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ತಾರವ್ವ ಮಾತ್ರ ಬೇರೆಯೇ ಲೋಕದಲ್ಲಿದ್ದಳು. ‘ಬಾಯಾರ, ಅಂದವ್ರ ತೋರಸಬೇಕಾ? ಖರೆ?’

‘ಖರೆ.’

‘ನಾ ಸುಮ್ಮನ ನಿಂತ್ರೂ ನಡೀತದ?’

‘ನಡೀತದ. ಸುಮ್ಮನ ನಿಂತಿದ್ದಕ್ಕ ಕಳ್ಳಿ ಅಂತ ಯಾರೂ ಬರಿಯಾಕ ಬರಂಗಿಲ್ಲ.’

‘ಅಯ್ಯ ಶಿವನ,’ ಎಂದಳು. ‘ಇದು ಛಲೋ ಐತಲ್ರಿ.’

ವಿಚಾರಣೆ ಎಳೆಯಿತು. ಒಮ್ಮೆ ಸಾಕ್ಷಿ ಇಲ್ಲ, ಒಮ್ಮೆ ಸಾಹೇಬರು ರಜೆ, ಒಮ್ಮೆ ನನಗೇ ಜ್ವರ. ಆ ದಿನಗಳಲ್ಲಿ ತಾರವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶೆಡ್ಡಿನ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದಳು. ಮಗ್ಗದ ಸದ್ದು ಕೇಳಿದರೆ ಕೈ ತಂತಾನೇ ಕಂಡಿಕಿ ಹುಡುಕುತ್ತದೆ ಎಂದು ಒಂದು ಸಲ ಹೇಳಿದಳು. ಆದರೆ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಅವಳ ಹೆಸರು ಕೂಗುವ ಮೊದಲೇ ಬಾಗಿಲಲ್ಲಿ ಇರುತ್ತಿದ್ದಳು. ಬರಬರುತ್ತ ಗೋಡೆಗೆ ಅಂಟಿಕೊಳ್ಳುವುದನ್ನೂ ಬಿಟ್ಟಳು. ಹೊಸದಾಗಿ ಬಂದ ಹೆಂಗಸರಿಗೆ, ‘ವಕೀಲ್ರಿಲ್ಲಂದ್ರ ಕೇಳ್ರಿ, ಕೊಡ್ತಾರ,’ ಎಂದು ಬೋಧನೆ ಮಾಡುವುದನ್ನು ನಾನೇ ಕೇಳಿದ್ದೇನೆ.

ಕೊನೆಗೆ ಮುರಗೆಪ್ಪ ಬಂದ. ಅದೇ ಶೆಡ್ಡಿನ ಹಳೆಯ ನೇಕಾರ, ಚೀಲ ಜಪ್ತಿಯಾಗುವಾಗ ಹಾಜರಿದ್ದವನು, ಸರ್ಕಾರದ ಸಾಕ್ಷಿ. ತಾರವ್ವನ ಮನೆಯಲ್ಲಿ ನೂಲು ಸಿಕ್ಕಿದ್ದು ಹೌದು ಎಂದು ಹೇಳಿ ಮುಗಿಸಿದ. ಅವನ ಸಾವ್ಕಾರ ರಾಮಲಿಂಗಪ್ಪ ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ನಾನು ಪಾಟೀ ಸವಾಲಿಗೆ ಎದ್ದೆ.

‘ಮುರಗೆಪ್ಪನವ್ರ, ನಿಮ್ಮ ಮನ್ಯಾಗ ಕೌದಿ ಅದಾವೇನ್ರಿ?’

ಅವನು ಬೆಚ್ಚಿದ. ‘ಅದಾವ್ರಿ.’

‘ಯಾರ ಹೊಲದದ್ದು?’

‘ತಾರವ್ವಂದ್ರಿ. ನನ್ನ ಮೊಮ್ಮಗಳಿಗೆ ಹೊಲದ ಕೊಟ್ಟಾಳ್ರಿ.’

‘ಹೊಲಿಗಿ ನೂಲ ಎಲ್ಲೀದು?’

ಮುರಗೆಪ್ಪ ಹಿಂದಿನ ಬೆಂಚನ್ನು ನೋಡಿದ, ತಾರವ್ವನನ್ನು ನೋಡಿದ. ಇಲ್ಲಿ ನಿಜ ಹೇಳಿದರೆ ಕೆಲಸ ಹೋದೀತು ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

‘ಶೆಡ್ಡಿಂದರಿ,’ ಎಂದ. ಆಮೇಲೆ ಅವನನ್ನು ಯಾರಿಂದಲೂ ತಡೆಯಲಾಗಲಿಲ್ಲ. ‘ಅಮಾಸಿಗೊಮ್ಮೆ ಕೋನಿನ ತಳದ ನೂಲ ಹೆಣ್ಮಕ್ಕಳ ಒಯ್ಬೇಕಂತ ದೊಡ್ಡ ಸಾವ್ಕಾರ್ರ ಹೇಳಿದ್ರಿ. ಎಲ್ಲಾರೂ ಒಯ್ತಿದ್ರು. ನನ್ನ ಹೇಣ್ತಿನೂ ಒಯ್ತಿದ್ಳು. ಒಯ್ದ ಈಕೀಗೇ ಕೊಡ್ತಿದ್ಳು. ಚೀಲದಾಗ ನೋಡ್ರಿ ಸಾಹೇಬ್ರ, ಒಂದರ ತುಂಬಿದ ಕೋನ ಐತೇನು?’

ಚೀಲ ಬಿಚ್ಚಿ ನೋಡಿದರು. ಬಣ್ಣಬಣ್ಣದ ತುಂಡು ನೂಲು, ಗಂಟು ಗಂಟು. ತುಂಬಿದ ಕೋನು ಒಂದೂ ಇರಲಿಲ್ಲ. ರಾಮಲಿಂಗಪ್ಪ ಅದನ್ನೇ ನೋಡುತ್ತ ಕುಳಿತಿದ್ದ. ತನ್ನ ತಂದೆಯ ಕಾಲದ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಅವನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ತೀರ್ಪಿನ ದಿನ ನ್ಯಾಯಾಧೀಶರು ಆರೋಪ ಸಾಬೀತಾಗಿಲ್ಲ ಎಂದು ಓದಿ, ತಾರವ್ವನನ್ನು ಬಿಡುಗಡೆ ಮಾಡಿದರು. ನನಗೆ ಕುಣಿಯಬೇಕೆನಿಸಿತು. ಕರಿಕೋಟು ಹಾಕಿಕೊಂಡು ಕುಣಿಯುವಂತಿಲ್ಲವಲ್ಲ!

ಹೊರಗೆ ಬೇವಿನ ಮರದ ಕೆಳಗೆ ರಾಮಲಿಂಗಪ್ಪ ಬೈಕಿಗೆ ಒರಗಿ ನಿಂತಿದ್ದ. ನಮ್ಮನ್ನು ಕಂಡು ನೆಟ್ಟಗಾದ. ಹಣಮಪ್ಪ ಹಳೆಯ ಚಾಳಿಯಂತೆ ತಾರವ್ವನ ಹತ್ತಿರ ಸರಿದು ಪಿಸುಗುಟ್ಟಿದ: ‘ಕೈ ಮುಗಿ ಬೇ. ಸಾವ್ಕಾರ ಅದಾನ, ಮುಗಸಿಬಿಡು.’

ತಾರವ್ವನ ಕೈಗಳು ಮೇಲೆದ್ದವು. ಅಷ್ಟು ವರ್ಷಗಳ ರೂಢಿ, ತಂತಾನೇ ಎದ್ದವು. ಬೇಡ ಎಂದು ಕೂಗಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು ನಿಂತೆ. ಇದು ಅವಳ ಮಾತು, ಅವಳೇ ಆಡಬೇಕು.

ಎದೆಯ ತನಕ ಬಂದ ಕೈಗಳು ಅಲ್ಲೇ ನಿಂತವು. ತಾರವ್ವ ಸೆರಗು ಸರಿಮಾಡಿಕೊಂಡು ಕೈ ಕೆಳಗಿಳಿಸಿದಳು. ರಾಮಲಿಂಗಪ್ಪನ ಮುಖ ನೋಡುತ್ತ ಸುಮ್ಮನೆ ನಿಂತಳು.

ಬಸ್ಸೊಂದು ಹಾರ್ನು ಹೊಡೆಯುತ್ತ ಜಮಖಂಡಿಯತ್ತ ಹೋಯಿತು. ರಾಮಲಿಂಗಪ್ಪ ಹಣಮಪ್ಪನನ್ನು ನೋಡಿದ, ನನ್ನನ್ನು ನೋಡಿದ. ನಾವಿಬ್ಬರೂ ಅವನ ನೆರವಿಗೆ ಹೋಗಲಿಲ್ಲ. ಕೊನೆಗೆ ಅವನೇ ಎರಡೂ ಕೈ ಜೋಡಿಸಿದ.

‘ನಂದ ತಪ್ಪಾತ ತಾರವ್ವಾ.’

ಕೈ ಮುಗಿದ ಮೇಲೆ ಮಾತು ಬೆಳೆಸಬಾರದು. ಆ ರೀತಿಯನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಯಾರು?

‘ಆತ ಬಿಡ್ರಿ,’ ಎಂದಳು ತಾರವ್ವ. ‘ನಾಳಿಂದ ಬರತೇನಿ. ಅಮಾಸಿಗೆ ಚೀಲಾನೂ ತರತೇನಿ.’