ಅಕ್ಕನ ತಲೆಗೆ ತಂತಿ ಅಂಟಿಸಿದ ದಿನ

ನಿಮ್ಮಷ್ಟೇ ಚಿಕ್ಕವನಿದ್ದಾಗ ನಾನೊಂದು ಕೆಟ್ಟ ಕೆಲಸ ಮಾಡಿದೆ. ನಮ್ಮಜ್ಜ ಭಾರಿ ಧೈರ್ಯವಂತ ಎಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತೀರಲ್ಲ, ಇದನ್ನೂ ಒಮ್ಮೆ ಕೇಳಿಬಿಡಿ. ಆಮೇಲೆ ಏನು ಬೇಕಾದರೂ ಹೇಳಿಕೊಳ್ಳಿ.

ಉಗರಗೋಳದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ನಮ್ಮದೊಂದು ಬಳೆ ಅಂಗಡಿ ಇತ್ತು. ಗಾಳಿ ಬೀಸಿದರೆ ಪಕ್ಕದ ಅಂಗಡಿಯ ಭಂಡಾರದ ಹಳದಿ ಪುಡಿ ನಮ್ಮ ಹುಬ್ಬಿನ ಮೇಲೂ ಕೂರುತ್ತಿತ್ತು. ಅಪ್ಪ ಊಟಕ್ಕೆ ಹೋದಾಗ ಅಕ್ಕ ಅಂಗಡಿ ನೋಡಿಕೊಳ್ಳುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಎಂಥ ಬಿರುಸು ಕೈಗೂ ಒಂದು ಬಳೆ ಒಡೆಯದಂತೆ ಏರಿಸುತ್ತಿದ್ದಳು.

ಅಂಥವಳು ಒಂದು ಮಧ್ಯಾಹ್ನ ನನ್ನೆದುರಿಗೇ ಬಿದ್ದಳು. ಹಿಂದೆ ಎರಡು ಸಲ ಬಿದ್ದಿದ್ದಳಂತೆ, ಆಗ ಯಾರೂ ನೋಡಿರಲಿಲ್ಲ. ಮೊದಲು ಅವಳ ಬಲಗೈಯ ಹೆಬ್ಬೆರಳು ಪಟಪಟ ನಡುಗಿತು. ಆಮೇಲೆ ಇಡೀ ಕೈ, ಆಮೇಲೆ ಬಾಯಿಯ ಬಲಗಡೆ ಸೊಟ್ಟಗಾಯಿತು. ಬಳೆಗಳ ಮೇಲೇ ಒರಗಿದಳು. ಕಣ್ಣು ಮಾತ್ರ ತೆರೆದೇ ಇದ್ದವು. ಜನ ಕೂಡಿದರು. ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಇನ್ನೊಬ್ಬರು ಕೈಯಲ್ಲಿ ಕೀಲಿಕೈ ತುರುಕಿದರು. ದರ್ಶನಕ್ಕೆ ಬಂದಿದ್ದ ಮುದುಕಿಯೊಬ್ಬಳು ತಾಯಿ ಮೈಮೇಲೆ ಬಂದಳೆಂದು ಕೈಮುಗಿದಳು.

ಅದೇ ಹೊತ್ತಿಗೆ ನನ್ನ ಸವದತ್ತಿ ಸಾಲೆಯ ಹುಡುಗರು ಗುಡ್ಡದ ಕಡೆಗೆ ಹೊರಟವರು ಅಲ್ಲಿ ನಿಂತರು. ಆ ವರ್ಷವಷ್ಟೇ ನಾನು ಆ ಸಾಲೆ ಸೇರಿದ್ದೆ. ನಮ್ಮ ಮನೆಯವರು ಅವರಿಗೆ ಗೊತ್ತಿರಲಿಲ್ಲ.

"ಯಾರಲೇ ಅಕಿ? ನಿಮ್ಮಾಕೀನ?" ಎಂದು ಒಬ್ಬ ಕೇಳಿದ.

"ನಮ್ಮಾಕಿ ಅಲ್ಲಲೇ. ಯಾರೋ ಪರವೂರಾಕಿ," ಎಂದೆ.

ಹೇಳಿ ತೆಂಗಿನಕಾಯಿ ಚೀಲಗಳ ಹಿಂದೆ ಸರಿದೆ. ಅಪ್ಪ ಓಡಿ ಬಂದು ಅವಳನ್ನು ಎತ್ತಿಕೊಂಡು ಹೋಗುವವರೆಗೂ ಅಲ್ಲೇ ಅಡಗಿ ನಿಂತಿದ್ದೆ, ಹೇಡಿ.

ನಾಲ್ಕು ದಿನದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದರು. ಬಿದ್ದಾಗ ಜೊತೆಗಿದ್ದವನು ನಾನೊಬ್ಬನೇ ಎಂದು ನನ್ನನ್ನೂ ಹೊರಡಿಸಿದ್ದರು. ಎಣ್ಣೆ ಇರಬಾರದೆಂದು ಅಕ್ಕನ ತಲೆಯನ್ನು ಸೀಗೆಕಾಯಿಯಿಂದ ತಿಕ್ಕಿ ತೊಳೆದಿದ್ದರು. ಬಸ್ಸಿನಲ್ಲಿ ಆ ಒಣ ಕೂದಲು ಹಾರಿ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ನಾನು ಮುಖ ತಿರುಗಿಸಿ ಕೂತೆ.

ದವಾಖಾನೆಯಲ್ಲಿ ನರ್ಸ್ ಅಕ್ಕೋರೊಬ್ಬರು ತಣ್ಣನೆಯ ಅಂಟು ಹಚ್ಚಿ ಅಕ್ಕನ ತಲೆತುಂಬ ಸಣ್ಣ ಬಿಲ್ಲೆಗಳನ್ನು ಅಂಟಿಸಿದರು. ಒಂದೊಂದು ಬಿಲ್ಲೆಗೂ ಒಂದೊಂದು ತಂತಿ. ಕರೆಂಟು ಹೊಡೆಯುತ್ತದೆಂದು ಅಕ್ಕ ಎದ್ದುಬಿಡಲು ಹೋದಳು.

"ಹೆದರಬ್ಯಾಡವಾ. ಇದು ಏನೂ ಕೊಡಂಗಿಲ್ಲ, ಚುಚ್ಚಂಗಿಲ್ಲ. ನಿನ್ನ ಮಿದುಳಿನಾಗ ನಡಿಯೋದನ್ನ ಬರಕೋತೈತಿ, ಅಷ್ಟ," ಎಂದರು ಅವರು.

ಯಂತ್ರದ ಪೆನ್ನುಗಳು ಸರಸರ ಗೀಚತೊಡಗಿದವು. ಮಡಿಕೆ ಮಡಿಕೆಯಾಗಿ ಕಾಗದ ಹೊರಗೆ ಬಂತು. ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು.

"ಗೆರಿ ಛಲೋ ಅದಾವ್ರಿ. ಆದ್ರ ಈ ಅರ್ಧಾ ತಾಸಿನ್ಯಾಗ ಏನೂ ಕಾಣಲಿಲ್ಲ ಅಂದಕೂಡಲೇ ಮೂರ್ಛಿ ಬ್ಯಾನಿ ಇಲ್ಲ ಅನ್ನಾಕ ಬರಂಗಿಲ್ಲ. ಬಿದ್ದಾಗ ಕಣ್ಣಾರೆ ಕಂಡಾವ್ರು ಯಾರು?"

ಅಪ್ಪ ನನ್ನನ್ನು ಮುಂದೆ ತಳ್ಳಿದರು. ಕಂಡದ್ದನ್ನು ಹೇಳಿದರೆ, ನೀನೇನು ಮಾಡಿದೆ ಎಂದು ಕೇಳಿಯೇ ಕೇಳುತ್ತಾರೆ.

"ನಾ ನೋಡಿಲ್ರಿ. ನೀರ ತರಾಕ ಹೋಗಿದ್ನಿ," ಎಂದೆ.

ಅಕ್ಕ ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅಪ್ಪನ ಮುಖ ಮಾತ್ರ ಅರಳಿತು. "ಹಂಗಾರ ಬಿಸಲಿಗೆ ಚಕ್ಕರ ಬಂದಿರಬೇಕ್ರಿ. ನಾಳಿಂದ ಇಕೀನ ಮತ್ತ ನೀರ ಸೇದಾಕ ಬಾವಿಗೆ ಕಳಸ್ತೇನಿ," ಎಂದರು.

ನಮ್ಮ ಬಾವಿಗೆ ಕಟ್ಟೆ ಇರಲಿಲ್ಲ. ಹಗ್ಗ ಹಿಡಿದ ಅಕ್ಕನ ಹೆಬ್ಬೆರಳು ಪಟಪಟ ನಡುಗುವುದು ನನ್ನ ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ. ಸುಳ್ಳು ಹೇಳಿದೆನೆಂದು ಅತ್ತುಬಿಟ್ಟೆ. ಯಾವ ಬೆರಳು, ಯಾವ ಕೈ, ಬಾಯಿಯ ಯಾವ ಕಡೆ ಎಂದು ನನ್ನ ಮೈಮೇಲೇ ತೋರಿಸಿದೆ.

"ಆಮ್ಯಾಲ ನೀ ಏನ ಮಾಡಿದಿ?" ಎಂದು ಡಾಕ್ಟರು ಕೇಳಿಯೇಬಿಟ್ಟರು.

ಅದನ್ನೂ ಹೇಳಿದೆ. ಅಪ್ಪ ಕಿಟಕಿಯ ಕಡೆ ತಿರುಗಿದರು. ಹೊಡೆದಿದ್ದರೆ ಚೆನ್ನಾಗಿತ್ತು. ಆಗ ಅಕ್ಕ ಮೆಲ್ಲಗೆ ಬಾಯಿ ತೆರೆದಳು.

"ಅದು ನನಗ ಕೇಳಿಸ್ತಿತ್ರಿ ಡಾಕ್ಟರ. ನಾ ನಿಮ್ಮಾಕೀನ ಅಲ್ಲೇನಲೇ ಅನ್ನಬೇಕಂದ್ನಿ. ಮಾತ ಹೊರಗ ಬರಲಿಲ್ಲ."

ಡಾಕ್ಟರು ಬೇಗ ಬೇಗ ಬರೆದುಕೊಂಡರು. ಕೈ ನಡುಗಿದ್ದು ಬಲಗಡೆ, ಮಾತು ನಿಂತಿತ್ತು, ಕಿವಿಗೆ ಕೇಳಿಸುತ್ತಿತ್ತು. ಅಷ್ಟು ಗೊತ್ತಾದರೆ ಮಿದುಳಿನ ಯಾವ ಭಾಗದಿಂದ ಇದು ಏಳುತ್ತದೆಂದು ಊಹಿಸಬಹುದಂತೆ. ಗುಳಿಗೆ ಬರೆದುಕೊಟ್ಟರು, ಬಾವಿಗೆ ಕಳಿಸಬೇಡಿ ಎಂದರು. ನನ್ನ ಕೆಟ್ಟ ಮಾತು ಅಕ್ಕನ ಔಷಧಿಗೆ ದಾರಿಯಾಯಿತು. ಅದರಿಂದ ನನ್ನ ನಾಚಿಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಗುಳಿಗೆ ಹಿಡಿಯಿತು. ಅಕ್ಕ ಬೀಳುವುದು ಕ್ರಮೇಣ ನಿಂತಿತು. ಈಗ ಆ ಗೆರೆಗಳು ಕಂಪ್ಯೂಟರಿನಲ್ಲಿ ಓಡುತ್ತವೆ, ಮೈ ನಡುಗಿದರೆ ಸೆರೆಹಿಡಿಯಲು ಪಕ್ಕದಲ್ಲೇ ಕ್ಯಾಮರಾ ಇರುತ್ತದೆ. ಮೊನ್ನೆ ನಿಮ್ಮ ತರಗತಿಯ ಹುಡುಗಿ ಬಿದ್ದಾಗ ನೀವು ಅವಳನ್ನು ಮಗ್ಗುಲಿಗೆ ಮಲಗಿಸಿ, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡು, ಅವಳ ಹೆಸರು ಹಿಡಿದು ಮಾತಾಡಿಸುತ್ತ ಕೂತಿರಂತೆ. ಟೀಚರು ಹೇಳಿದಾಗ ನನಗೆ ಖುಷಿಯೂ ಆಯಿತು, ಮುಖ ಮುಚ್ಚಿಕೊಳ್ಳಬೇಕೆಂದೂ ಅನಿಸಿತು.

ಅಕ್ಕ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ನೀವೂ ನೋಡಿದ್ದೀರಿ, ಮದುವೆಯಿರಲಿ, ಬಸ್ಸಿರಲಿ, ಪಕ್ಕದಲ್ಲಿ ಕೂತವರು ಕೇಳದಿದ್ದರೂ ಹೇಳುತ್ತಾಳೆ: "ಇಂವಾ ನಮ್ಮಾಂವರಿ, ನನ್ನ ತಮ್ಮ." ಆಗ ನಾನು ಯಾಕೆ ನೆಲ ನೋಡುತ್ತೇನೆಂದು ಇನ್ನು ಮೇಲೆ ಕೇಳಬೇಡಿ.