ಈಗಷ್ಟೇ ಎನ್ನುತ್ತಿದ್ದ ಕಾಕ

ಎರಡು ಕೈಗೆ ಎರಡು ವಾಚು ಕಟ್ಟಿಕೊಂಡ ಮನುಷ್ಯನೆಂದರೆ ನಾನು ಕಂಡದ್ದು ಅವರೊಬ್ಬರನ್ನೇ. ಎಡಗೈಯಲ್ಲಿ ಊರಿನ ಗಂಟೆ, ಬಲಗೈಯಲ್ಲಿ ಶಾರ್ಜಾದ್ದು. ಬಲಗೈಯ ವಾಚಿನ ಚಿನ್ನದ ಬಣ್ಣ ಬೆವರಿಗೆ ಹೋಗಿ ಒಳಗಿನ ತಗಡು ಕಾಣುತ್ತಿತ್ತು. ಕೀಬೋರ್ಡಿನ ಮೇಲೆ ಕೈಯಿಟ್ಟರೆ ಎರಡೂ ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದವು. ಗಲ್ಫು ಬಿಟ್ಟು ಬಂದು ಎಷ್ಟೋ ವರ್ಷವಾಗಿದ್ದರೂ ಆ ವಾಚನ್ನು ಊರಿನ ಗಂಟೆಗೆ ತಿರುಗಿಸಿರಲಿಲ್ಲ. ಯಾಕೆಂದು ಕೇಳಿದರೆ, "ಅಲ್ಲಿ ನಮ್ಮ ರೂಮಿನವರು ಈಗ ಚಾ ಕುಡಿಯುವ ಹೊತ್ತು. ಅದು ನನಗೆ ಗೊತ್ತಾಗುವುದು ಬೇಡವಾ?" ಎನ್ನುತ್ತಿದ್ದರು.

ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಅವರ ಹುಟ್ಟೂರು ಮಂಜೇಶ್ವರ, ಹೆಂಡತಿಯ ಊರು ಪೆರ್ಲ. ಹಾಗಾಗಿ ಪೆರ್ಲದ ಬ್ಯಾರಿಗಳ ಬಾಯಲ್ಲಿ ಅವರು 'ಪುದಿಯಾಪ್ಲೆ', ಅಂದರೆ ಹೊಸ ಮದುಮಗ. ತಲೆ ಬೋಳಾಗಿ, ಮಗಳಿಗೆ ಮದುವೆಯಾಗಿ, ಮೊಮ್ಮಗು ಮೀಸೆ ಎಳೆಯುವ ಕಾಲಕ್ಕೂ ಪುದಿಯಾಪ್ಲೆಯೇ. ಇದರಿಂದ ಅವರಿಗೆ ಒಳಗೊಳಗೇ ಖುಷಿ. "ಯಾವಾಗ ಬಂದದ್ದು ನೀವು ಪೆರ್ಲಕ್ಕೆ?" ಎಂದು ಯಾರಾದರೂ ಹೊಸಬರು ಕೇಳಿದರೆ, "ಇದಾ, ಈಗಷ್ಟೇ" ಎಂದುಬಿಡುತ್ತಿದ್ದರು. ಅವರ ನಾಲಿಗೆಯ ತುದಿಯಲ್ಲಿ ಸದಾ ಇದ್ದ ಮಾತು ಅದು. ಪ್ರಿಂಟು ಯಾವಾಗ ತೆಗೆದದ್ದು, ಈಗಷ್ಟೇ. ಊಟ ಯಾವಾಗ ಆದದ್ದು, ಈಗಷ್ಟೇ. ಎರಡು ವಾಚು ಕಟ್ಟಿಕೊಂಡು ಒಮ್ಮೆಯೂ ನೆಟ್ಟಗೆ ಗಂಟೆ ಹೇಳಿದವರಲ್ಲ.

ಬಸ್ಸು ನಿಲ್ಲುವಲ್ಲಿ ಅವರ ಕಂಪ್ಯೂಟರ್ ಅಂಗಡಿ. ನಾಲ್ಕು ಕಂಪ್ಯೂಟರು, ಒಂದು ಫೋಟೋಸ್ಟ್ಯಾಟ್ ಮೆಷಿನ್, ಎದುರಿಗೆ ಉದ್ದದ ಬೆಂಚು. ನಾನಾಗ ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಅರ್ಜಿಯ ಪ್ರಿಂಟು ತೆಗೆಸಲು ಹೋದ ಮೊದಲ ದಿನವೇ ಅವರು ನನ್ನನ್ನು "ಟೀಚರೇ" ಎಂದು ಕರೆದರು. "ಇನ್ನೂ ಆಗ್ಲಿಲ್ಲ ಕಾಕ" ಎಂದರೆ, "ಆಗ್ತೀರಲ್ಲ? ಹಾಗಾದ್ರೆ ಈಗಿಂದ್ಲೇ ಕರೆದರೆ ಎಂತ ನಷ್ಟ?" ಎಂದರು. ನಿಜ ಹೇಳುತ್ತೇನೆ, ಮನೆಯಲ್ಲಿ ಎಲ್ಲರೂ ನನ್ನ ಮದುವೆಯ ಮಾತಾಡುತ್ತಿದ್ದಾಗ ನನ್ನ ಕೆಲಸವನ್ನು ನಂಬಿದ್ದವರು ಅವರೊಬ್ಬರೇ.

ಆ ಅಂಗಡಿಯಲ್ಲೇ ಕೂತು ಅವರೊಂದು ಅಂತರಜಾಲದ ಚರ್ಚಾಕಟ್ಟೆ ನಡೆಸುತ್ತಿದ್ದರು. ಕನ್ನಡದಲ್ಲಿ. ಗಲ್ಫಿನಲ್ಲಿದ್ದ ನಮ್ಮ ಕಡೆಯವರು, ಊರಲ್ಲಿದ್ದವರು, ಎಲ್ಲ ಸೇರಿ ಬಸ್ಸಿನ ಸಮಯದಿಂದ ಹಿಡಿದು ಬಂಗುಡೆ ಮೀನಿನ ಗಸಿಯವರೆಗೆ ಅಲ್ಲಿ ಜಗಳಾಡುತ್ತಿದ್ದರು. ನನ್ನದು ಸ್ವಲ್ಪ ಖಾರದ ಬಾಯಿ. ಅದನ್ನು ಕಂಡೇ ಇರಬೇಕು, ಜಗಳ ಬಿಡಿಸುವ ಕೆಲಸವನ್ನು ಕಾಕ ನನಗೆ ಕೊಟ್ಟರು.

ಕಟ್ಟೆಯಲ್ಲಿ ಪ್ರತಿ ಬರಹದ ಕೆಳಗೆ ಅದನ್ನು ಬರೆದ ಹೊತ್ತು ಕಾಣಿಸುತ್ತಿತ್ತಲ್ಲ, ನನಗೂ ಕಾಕನಿಗೂ ಇದ್ದ ತಕರಾರು ಅದೊಂದೇ. ಅಲ್ಲಿ ತಾರೀಕು ಇರಲಿಲ್ಲ, ಗಂಟೆಯೂ ಇರಲಿಲ್ಲ. '5 ನಿಮಿಷ ಹಿಂದೆ', '3 ಗಂಟೆ ಹಿಂದೆ', '1 ದಿನ ಹಿಂದೆ', ಇಷ್ಟೇ. ಹೊಚ್ಚ ಹೊಸತಾದರೆ 'ಈಗಷ್ಟೇ'. ಆ ಪದವನ್ನು ಹಾಕಿದ್ದು ಯಾರೆಂದು ಹೇಳಬೇಕಿಲ್ಲ. "ನೆಟ್ಟಗೆ ತಾರೀಕು ಹಾಕಿ ಕಾಕ" ಎಂದು ನಾನು ವಾರಕ್ಕೊಮ್ಮೆಯಾದರೂ ಹಠ ಹಿಡಿಯುತ್ತಿದ್ದೆ. "ನಿಮ್ಮದು ಕರಿಹಲಗೆಯ ಬುದ್ಧಿ ಟೀಚರೇ. ಮೂಲೆಯಲ್ಲಿ ತಾರೀಕು ಬರೆಯದೆ ನಿಮಗೆ ಪಾಠ ಶುರುವಾಗುವುದಿಲ್ಲ" ಎಂದು ನಗುತ್ತಿದ್ದರು. ಅವರಿಗೂ ಒಂದು ಕಾರಣವಿತ್ತೆನ್ನಿ. ಮೊದಲು ತಾರೀಕು, ಗಂಟೆ ಎರಡೂ ಇದ್ದವಂತೆ. ಕಟ್ಟೆಯ ಯಂತ್ರ ಇದ್ದದ್ದು ಅಮೆರಿಕದಲ್ಲೆಲ್ಲೋ. ಪೆರ್ಲದಲ್ಲಿ ಬೆಳಿಗ್ಗೆ ಬರೆದದ್ದಕ್ಕೆ ಅದು ಹಿಂದಿನ ದಿನದ ರಾತ್ರಿಯ ಗಂಟೆ ಒತ್ತುತ್ತಿತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟು ಏನು ಮಾಡುತ್ತೀ ಎಂದು ಸದಸ್ಯೆಯೊಬ್ಬರಿಗೆ ಶಾರ್ಜಾದಿಂದ ಗಂಡನ ಫೋನು ಬಂದ ಮೇಲೆ ಕಾಕ ತಾರೀಕು, ಗಂಟೆ ಎರಡನ್ನೂ ಕಿತ್ತುಹಾಕಿದರು.

ನನಗೆ ಸರ್ಕಾರಿ ಶಾಲೆಯ ಕನ್ನಡ ಟೀಚರ್ ಕೆಲಸದ ಇಂಟರ್ವ್ಯೂ ಬಂತು. ಬುಧವಾರ, ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದಲ್ಲಿ, ಹತ್ತು ಗಂಟೆಗೆ ಹಾಜರಿರಬೇಕು. ಅದು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ. ಮನೆಯಲ್ಲಿ ಅಪ್ಪ ಸ್ಪಷ್ಟವಾಗಿ ಹೇಳಿದ್ದರು, ಇದೊಂದು ನೋಡುವ, ಆಗದಿದ್ದರೆ ಬಂದ ಸಂಬಂಧಕ್ಕೆ ಹೂಂ ಅನ್ನಬೇಕು ಎಂದು.

ಅದರ ಹಿಂದಿನ ಭಾನುವಾರ ನಾನೂ ಅಮ್ಮನೂ ಪುತ್ತೂರಿನ ದೊಡ್ಡಮ್ಮನ ಮನೆಗೆ ತೊಟ್ಟಿಲು ಹಾಕುವುದಕ್ಕೆ ಹೋದವರು, ಮಂಗಳವಾರ ಕತ್ತಲಾದ ಮೇಲೆ ಅವರ ಜೀಪಿನಲ್ಲಿ ಹಿಂದೆ ಬಂದೆವು. ಪೆರ್ಲ ಪೇಟೆ ಬಾಗಿಲು ಹಾಕಿತ್ತು. ಮಳೆಗೆ ಬೇಗ ಮುಚ್ಚಿರಬೇಕು ಎಂದುಕೊಂಡೆವು. ಅಪ್ಪ ಪೂಜೆಗೆಂದು ಬೇರೆ ಊರಿಗೆ ಹೋಗಿದ್ದರು. ಟಿವಿಯ ಕೇಬಲ್ ಮಳೆಗೆ ಸತ್ತು ಬಿದ್ದಿತ್ತು.

ಬುಧವಾರ ಬೆಳಿಗ್ಗೆ ಮಿಂದು ಸೀರೆ ಉಟ್ಟು, ಹೊರಡುವ ಮುಂಚೆ ಒಮ್ಮೆ ಕಟ್ಟೆ ನೋಡುವ ಎಂದು ಕಂಪ್ಯೂಟರು ಹಾಕಿದೆ. ಎಲ್ಲರಿಗೂ ಕಾಣಲೆಂದು ಎಲ್ಲಕ್ಕಿಂತ ಮೇಲೆ ಇಟ್ಟ ಕಾಕನ ಬರಹ: "ನಾಳೆ ಹರತಾಳ. ಬಸ್ಸಿಲ್ಲ, ಆಫೀಸಿಲ್ಲ. ಯಾರೂ ಹೊರಡಬೇಡಿ." ಕೆಳಗೆ '1 ದಿನ ಹಿಂದೆ'. ಒಂದು ದಿನದ ಹಿಂದೆ ಹೇಳಿದ ನಾಳೆ ಎಂದರೆ ಇವತ್ತೇ ತಾನೇ? ನಮ್ಮ ಜಿಲ್ಲೆಯಲ್ಲಿ ಹರತಾಳ ಎಂದರೆ ಪರೀಕ್ಷೆ, ಇಂಟರ್ವ್ಯೂ ಎಲ್ಲ ಮುಂದಕ್ಕೆ ಹೋಗುವುದು ಮಾಮೂಲು. ನಾನು ನೆಮ್ಮದಿಯಿಂದ ಸೀರೆ ಬಿಚ್ಚಿಟ್ಟು ನೈಟಿ ಹಾಕಿಕೊಂಡು ದೋಸೆಯ ಕಾವಲಿ ಇಟ್ಟೆ. ಕಾಕ ಅದನ್ನು ಬರೆದದ್ದು ಸೋಮವಾರ, ಅಂಗಡಿ ತೆರೆದ ಹೊತ್ತಿನಲ್ಲಿ. ಎರಡು ದಿನ ಪೂರ್ತಿ ತುಂಬುವವರೆಗೂ ಆ ಯಂತ್ರಕ್ಕೆ ಅದು '1 ದಿನ'ವೇ ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ. ಎರಡು ದೋಸೆ ತಿಂದು, ಕೈತೊಳೆದು, ಕಟ್ಟೆಯಲ್ಲಿ ಗಮ್ಮತ್ತಿನಿಂದ ಬರೆದೆ: "ಹರತಾಳದ ಪುಣ್ಯದಿಂದ ನನ್ನ ಇಂಟರ್ವ್ಯೂ ಮುಂದೆ ಹೋಯಿತು. ಮನೆಯಲ್ಲಿ ದೋಸೆ. ಬರುವವರು ಬನ್ನಿ."

ಸ್ವಲ್ಪ ಹೊತ್ತಿನಲ್ಲಿ ಫೋನು ಹೊಡೆದುಕೊಂಡಿತು.

"ಟೀಚರೇ! ನೀವು ಎಂತ ಮನೆಯಲ್ಲಿ ಇರುವುದು?"

"ಹರತಾಳ ಅಲ್ವಾ ಕಾಕ?"

"ಹರತಾಳ ನಿನ್ನೆ ಮಾರಾಯ್ತಿ! ನಿನ್ನೆಯೇ ಮುಗಿದಿದೆ! ಇಲ್ಲಿ ನನ್ನ ಅಂಗಡಿ ಎದುರು ಬಸ್ಸು ನಿಂತು ಹಾರ್ನ್ ಹಾಕ್ತಾ ಉಂಟು, ಕೇಳ್ತದಾ?"

ಫೋನನ್ನು ಮಾರ್ಗದ ಕಡೆಗೆ ಹಿಡಿದರು. ಕೇಳಿತು. ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು, "ಅಳುವುದೆಲ್ಲ ಬಂದ ಮೇಲೆ. ಸೀರೆ ಉಟ್ಟುಕೊಳ್ಳಿ, ನಾನು ಹೊರಟೆ" ಎಂದು ಫೋನಿಟ್ಟರು.

ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಎಬ್ಬಿಸಿ, ಬಾಗಿಲೆಳೆದು, ಕಂಪ್ಯೂಟರು ಸಾಗಿಸುವ ಹಳೆಯ ವ್ಯಾನನ್ನು ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದರು. ಅಮ್ಮನೂ ಹತ್ತಿದಳು. ಉಳಿದ ದೋಸೆಗಳನ್ನು ಬಾಳೆಯೆಲೆಯಲ್ಲಿ ಕಟ್ಟಿಕೊಂಡೇ ಹತ್ತಿದಳು. ಬದಿಯಡ್ಕ ದಾಟುವವರೆಗೂ ಅವಳ ಬಾಯಿ ಮುಚ್ಚಲಿಲ್ಲ.

"ಅಲ್ಲ, ನಾಳೆ ಅಂತ ಬರೀತೀರಲ್ಲ, ಅದು ಯಾರ ನಾಳೆ? ನಿಮ್ಮದಾ, ಓದುವವರದ್ದಾ?"

ಕಾಕ, "ತಪ್ಪು ನನ್ನದೇ ಅಮ್ಮ" ಎಂದರು. ಒಂದು ತಿರುವು ಕಳೆದ ಮೇಲೆ ಮೆಲ್ಲಗೆ ಸೇರಿಸಿದರು: "ಆದರೆ ಟೀಚರ್ ಬರೆದದ್ದರ ಕೆಳಗೆ '2 ನಿಮಿಷ ಹಿಂದೆ' ಅಂತ ಇತ್ತು. ಅದನ್ನು ನೋಡಿಯೇ ನಾನು ಫೋನಿಗೆ ಓಡಿದ್ದು. ಹಾಳು ಮಾಡಿದ್ದೂ ಅದೇ, ಉಳಿಸಿದ್ದೂ ಅದೇ." ಅಮ್ಮನಿಗೆ ನಗು ಬಂತು. ಎಲೆ ಬಿಚ್ಚಿ ಅವರಿಗೊಂದು ದೋಸೆ ಕೊಟ್ಟಳು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ದೋಸೆ, ಎರಡರಲ್ಲೂ ವಾಚು.

ನಾನು ಇಂಟರ್ವ್ಯೂ ಪತ್ರವನ್ನು ಮತ್ತೆ ಮತ್ತೆ ಬಿಚ್ಚಿ ಮಡಚುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡಿರಬೇಕು. ಯಾವತ್ತೂ ಹೇಳದ ಒಂದು ವಿಷಯವನ್ನು ಅವತ್ತು ಹೇಳಿದರು. ಅವರು ಶಾರ್ಜಾಕ್ಕೆ ಹೋದ ಕಾಲದಲ್ಲಿ ಮನೆಯವರು ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ರಜೆ ಮುಗಿಸಿ ಹಿಂದಿರುಗುವವರ ಕೈಯಲ್ಲಿ ಕಳಿಸುತ್ತಿದ್ದರಂತೆ. ಒಂದರಲ್ಲಿ ಹೆಂಡತಿ ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿ ಕೂಗಿದ್ದಳಂತೆ, ಮಗಳು ಹೊಸ್ತಿಲು ದಾಟಿದಳು, ಈಗಷ್ಟೇ, ಇದಾ ಈಗಷ್ಟೇ ಎಂದು.

"ಅದು ನನ್ನ ಕೈಗೆ ಬರುವಾಗ ಹುಡುಗಿ ಓಡಲಿಕ್ಕೆ ಶುರು ಮಾಡಿ ಆಗಿತ್ತು. ಗೊತ್ತುಂಟು ನನಗೆ. ಆದರೆ ಕ್ಯಾಸೆಟ್ಟಿನಲ್ಲಿ ತಾರೀಕು ಇಲ್ಲವಲ್ಲ ಟೀಚರೇ? ಹಾಕಿದಾಗೆಲ್ಲ ಅವಳು ಈಗಷ್ಟೇ ದಾಟುವುದು. ರೂಮಿನವರಿಗೆಲ್ಲ ಬಾಯಿಪಾಠ ಬಂದಿತ್ತು."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ದೋಸೆ ಕೊಟ್ಟಳು. ನಾನು ಪತ್ರವನ್ನು ಮಡಚಿ ಚೀಲದೊಳಗಿಟ್ಟೆ.

ವಿದ್ಯಾನಗರದಲ್ಲಿ ನಾನು ಮೆಟ್ಟಿಲು ಹತ್ತುವಾಗ ಪ್ಯೂನ್ ನನ್ನ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದ. ತಡವಾಯಿತೇಕೆ ಎಂದು ಒಳಗಿದ್ದವರು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ದೋಸೆಯನ್ನೂ ಬಿಡದೆ. ಮೂವರೂ ನಕ್ಕರು. ಹಾಗಾದರೆ 'ನಾಳೆ' ಎಂಬುದನ್ನು ಐದನೆಯ ಕ್ಲಾಸಿನ ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂದು ಒಬ್ಬರು ಕೇಳಿದರು. ಇಷ್ಟು ಸುಲಭದ ಪ್ರಶ್ನೆ ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಓಣಂ ರಜೆ ಮುಗಿಯುವಾಗ ನೇಮಕದ ಆದೇಶ ಬಂತು. ಸಂಬಂಧದವರು ಕಾಯಲು ಒಪ್ಪಲಿಲ್ಲ. ನನಗೇನೂ ಬೇಸರವಾಗಲಿಲ್ಲ.

ಆ ಬುಧವಾರ ಸಂಜೆಯೇ ಕಾಕ ಶಾರ್ಜಾದ ಸದಸ್ಯನೊಬ್ಬನಿಂದ ಫೋನಿನಲ್ಲಿ ಕೇಳಿ ತಿಳಿದು ಕಟ್ಟೆಯನ್ನು ನಮ್ಮ ಊರಿನ ಗಂಟೆಗೆ ತಂದರು. ಪ್ರತಿ ಬರಹದ ಕೆಳಗೂ ವಾರ, ತಾರೀಕು, ಗಂಟೆ. ಅಷ್ಟಕ್ಕೇ ಬಿಡಲಿಲ್ಲ. 'ಇಂದು', 'ನಾಳೆ', 'ನಿನ್ನೆ' ಎಂದು ಯಾರೂ ಬರೆಯಕೂಡದು ಎಂಬ ಕಾನೂನು ಬಂತು. ಬರೆದರೆ ಇವರೇ ಹೋಗಿ ವಾರದ ಹೆಸರು ತಿದ್ದಿಬಿಡುತ್ತಿದ್ದರು. ಒಬ್ಬರು "ನಾಳೆಯಿಂದ ಬೀಡಿ ಬಿಡುತ್ತೇನೆ" ಎಂದು ಬರೆದಿದ್ದರು, ಪಾಪ. ಕಾಕ ಅದನ್ನು "ಗುರುವಾರದಿಂದ ಬೀಡಿ ಬಿಡುತ್ತೇನೆ" ಎಂದು ಮಾಡಿ, ಗುರುವಾರ ಬೆಳಿಗ್ಗೆ ಫೋನು ಹಚ್ಚಿ, "ಬಿಟ್ಟಿರಾ?" ಎಂದು ಕೇಳಿದರು. ಆ ಮನುಷ್ಯ ನಿಜವಾಗಿಯೂ ಬಿಟ್ಟರು, ಕಟ್ಟೆಯನ್ನಲ್ಲ, ಬೀಡಿಯನ್ನು.

ಒಂದೇ ಒಂದು ಕಡೆ ಮಾತ್ರ ಅವರು ಹಳೆಯದನ್ನು ಉಳಿಸಿಕೊಂಡರು. ಸದಸ್ಯರ ಹೆಸರಿನ ಪಕ್ಕದಲ್ಲಿ, ಅವರು ಕೊನೆಗೆ ಕಟ್ಟೆಗೆ ಬಂದದ್ದು ಯಾವಾಗ ಎಂಬ ಸಾಲು. 'ಇಲ್ಲಿದ್ದರು: 2 ಗಂಟೆ ಹಿಂದೆ.' 'ಇಲ್ಲಿದ್ದರು: ಈಗಷ್ಟೇ.' "ಅದೊಂದು ನನಗೆ ಬಿಡಿ ಟೀಚರೇ" ಎಂದರು. ಬಿಟ್ಟೆ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಜನ ವಾಟ್ಸಾಪಿಗೆ ಹೋದರು. ಕಟ್ಟೆಯಲ್ಲಿ ಉಳಿದದ್ದು ನಾವು ಹತ್ತಿಪ್ಪತ್ತು ಮಂದಿ. ಕಾಕ ಮಾತ್ರ ದಿನವೂ ಅಂಗಡಿ ತೆರೆದ ಕೂಡಲೇ ಬಂದು, "ಶನಿವಾರ, ಬಿಸಿಲು ಉಂಟು" ಎಂದಾದರೂ ಬರೆದು ಹೋಗುತ್ತಿದ್ದರು. ನಾನು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಮೊದಲ ಪೀರಿಯಡ್ಡಿಗೆ ಮುಂಚೆ, "ಇಲ್ಲಿ ಮೋಡ" ಎಂದು ಉತ್ತರಿಸುತ್ತಿದ್ದೆ.

ಒಂದು ಶುಕ್ರವಾರ ಹಾಗೆಯೇ ಹೋಗಿ ಕೂತೆ. ಕಾಕನ ಹೆಸರಿನಲ್ಲಿ ಬರಹ ಬಿದ್ದಿತ್ತು.

"ನಮ್ಮ ಉಪ್ಪ ಶುಕ್ರವಾರ ಬೆಳಗಿನ ಜಾವ, ಸುಬಹಿಯ ಹೊತ್ತಿಗೆ ನಿದ್ದೆಯಲ್ಲೇ ತೀರಿಕೊಂಡರು. ದಫನಕ್ಕೆ ಮುಂಚಿನ ಮಯ್ಯತ್ ನಮಾಝ್ ಶುಕ್ರವಾರವೇ, ಸಂಜೆಯ ಅಸರ್ ಬಳಿಕ. ಇಂದು ಎಂದು ಬರೆಯಬಾರದೆಂದು ಉಪ್ಪ ಹೇಳಿಕೊಟ್ಟಿದ್ದರು, ಹಾಗಾಗಿ ಎರಡು ಸಲ ಶುಕ್ರವಾರ ಎಂದು ಬರೆದಿದ್ದೇನೆ."

ಬರೆದದ್ದು ಮಗಳು, ಆ ಹೊಸ್ತಿಲು ದಾಟಿದವಳು. ಅಂಗಡಿಯ ಕಂಪ್ಯೂಟರಿನಲ್ಲಿ ಸದಾ ತೆರೆದೇ ಇರುತ್ತಿದ್ದ ಅವರ ಖಾತೆಯಿಂದಲೇ ಬರೆದಿದ್ದಳು. ಕೆಳಗೆ ವಾರ, ತಾರೀಕು, ಗಂಟೆ, ನಾನು ಹಠ ಮಾಡಿ ಹಾಕಿಸಿದ್ದು. ಪಕ್ಕದಲ್ಲಿ ಕಾಕನ ಹೆಸರು, ಅದರ ಕೆಳಗೆ ಅವರು ಬಿಟ್ಟುಕೊಡದ ಆ ಸಾಲು. 'ಇಲ್ಲಿದ್ದರು: ಈಗಷ್ಟೇ.'

ಉತ್ತರ ಬರೆಯಲು ಕೈ ಹೋಯಿತು. ಬರೆದು ಕಳಿಸಿದರೆ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ, ಆ ಸಾಲು '4 ನಿಮಿಷ ಹಿಂದೆ' ಎಂದಾಗುತ್ತದೆ. ಆಮೇಲೆ ಗಂಟೆ, ಆಮೇಲೆ ದಿನ. ಕೈ ತೆಗೆದೆ. ಹೆಡ್ ಮಾಸ್ಟ್ರಿಗೆ ಹೇಳಿ ಅವರ ಮನೆಗೆ ಹೋದೆ. ಅವರ ಮಗಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಬಿಚ್ಚಿಟ್ಟ ಎರಡು ವಾಚುಗಳು ಕಿಟಕಿಯ ದಂಡೆಯಲ್ಲಿ ತಮ್ಮ ತಮ್ಮ ಗಂಟೆಯಲ್ಲಿ ನಡೆಯುತ್ತಿದ್ದವು.

ಸಂಜೆ ಬ್ಯಾಗು ತೆಗೆದುಕೊಳ್ಳಲು ಶಾಲೆಗೆ ಮರಳಿದಾಗ ಪ್ಯೂನ್ ಬೀಗ ಹಿಡಿದು ಕಾಯುತ್ತಿದ್ದ. "ಟೀಚರ್, ನಿಮ್ಮ ಕಂಪ್ಯೂಟರ್ ಆಫ್ ಮಾಡ್ಲಿಲ್ಲ" ಎಂದ.

ಒಳಗೆ ಹೋಗಿ ನೋಡಿದೆ. ಪುಟ ಬೆಳಿಗ್ಗೆ ಬಿಟ್ಟ ಹಾಗೆಯೇ ಇತ್ತು, 'ಈಗಷ್ಟೇ' ಎಂಬ ಆ ಸಾಲೂ. ಶಾರ್ಜಾದಿಂದ, ಮಂಜೇಶ್ವರದಿಂದ ಎಲ್ಲರೂ ಅಷ್ಟರಲ್ಲಿ ಬರೆದಿರುತ್ತಾರೆ, ನನಗೆ ಅದು ಕಾಣುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ದಿನವೂ ತಾರೀಕು ಬರೆದೇ ಪಾಠ ಶುರು ಮಾಡುವವಳು ನಾನು.

"ಸೋಮವಾರದವರೆಗೆ ಇರಲಿ ಮಾರಾಯ" ಎಂದು ಪ್ಯೂನ್‌ಗೆ ಹೇಳಿ ಲೈಟು ಮಾತ್ರ ಆರಿಸಿ ಬಂದೆ.